ಇಲ್ಲಿವರೆಗೆ ಸರಿ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಓದಿದ ತಕ್ಷಣ ಉತ್ತರ ಬರೆಯೋಣ ಅಂತ ಕೂತೆ, ಆಗಲಿಲ್ಲ. ನೀನು ಕೇಳಿದ ಪ್ರಶ್ನೆ ನನ್ನನ್ನು ಸೀದಾ ನನ್ನ ನಾಲ್ಕನೇ ತರಗತಿಗೆ ಕರೆದುಕೊಂಡು ಹೋಗಿಬಿಟ್ಟಿತು.

"ದಿನಾ ಎಲ್ಲರಿಗೂ ವೆರಿಗುಡ್ ಹೇಳ್ತೀನಿ, ಬೆನ್ನು ತಟ್ತೀನಿ, ಚಪ್ಪಾಳೆ ಹೊಡೆಸ್ತೀನಿ. ಆದ್ರೂ ಹಿಂದಿನ ಬೆಂಚಿನ ಆ ಹುಡುಗ ಬಾಯೇ ಬಿಡಲ್ಲ. ಏನು ಕೇಳಿದ್ರೂ ನೆಲ ನೋಡ್ತಾನೆ. ನನಗೆ ಪಾಠ ಮಾಡೋಕೆ ಬರಲ್ವಾ?" ಅಂತ ಬರೆದಿದ್ದೀಯ. ನೀನು ಮೇಷ್ಟ್ರಾಗಿ ಇನ್ನೂ ಒಂದು ವರ್ಷ ತುಂಬಿಲ್ಲ. ಅಷ್ಟರಲ್ಲೇ ಒಬ್ಬ ಹುಡುಗ ಮಾತಾಡದೇ ಇರುವುದು ನಿನ್ನ ನಿದ್ದೆ ಕೆಡಿಸಿದೆ. ಆ ಹುಡುಗನ ಅದೃಷ್ಟ ಚೆನ್ನಾಗಿದೆ ಅಂತಲೇ ನಾನು ಅಂದುಕೊಂಡೆ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಹಿಂದಿನ ಬೆಂಚಿನಲ್ಲಿ ನೆಲ ನೋಡುತ್ತಾ ಕೂರುವ ಹುಡುಗ ನಾನೂ ಆಗಿದ್ದೆ.

ಮೂರನೇ ತರಗತಿಯಲ್ಲಿದ್ದಾಗ ನಮ್ಮ ಮೇಷ್ಟ್ರು ಬಾಗಿಲ ಹತ್ತಿರ ನಿಂತು ಇನ್ನೊಬ್ಬರ ಜೊತೆ ಮಾತಾಡುತ್ತಿದ್ದರು. ನನ್ನ ಕಡೆ ನೋಡಿ, "ಹುಡುಗ ಒಳ್ಳೆಯವನೇ, ಪಾಪ, ಲೆಕ್ಕ ಮಾತ್ರ ತಲೆಗೆ ಹತ್ತಲ್ಲ" ಅಂದರು. ಅವರು ಬೈಯಲಿಲ್ಲ, ಹೊಡೆಯಲಿಲ್ಲ. ಆ ಮಾತು ನನ್ನ ಕಿವಿಗೆ ಬಿತ್ತು ಅಂತ ಅವರಿಗೆ ಗೊತ್ತೂ ಇರಲಿಲ್ಲ. ಬೈದಿದ್ದರೆ ಸಂಜೆಗೆ ಮರೆತುಬಿಡುತ್ತಿದ್ದೆನೋ ಏನೋ. ಆದರೆ ಅವರು ಕರುಣೆಯಿಂದ ಹೇಳಿದ್ದರು. ದೊಡ್ಡವರು ಅಷ್ಟು ಮೆತ್ತಗೆ ಹೇಳಿದ ಮೇಲೆ ಅದು ನಿಜವೇ ಇರಬೇಕು ಅಂತ ಎಂಟು ವರ್ಷದ ಹುಡುಗ ನಂಬಿಬಿಟ್ಟ.

ಆಮೇಲೆ ನಾನು ಲೆಕ್ಕ ಕಲಿಯುವುದನ್ನು ಬಿಟ್ಟು ತಪ್ಪಿಸಿಕೊಳ್ಳುವುದನ್ನು ಕಲಿತೆ. ಪ್ರಶ್ನೆ ಬರುವ ಹೊತ್ತಿಗೆ ಪೆನ್ಸಿಲ್ ಕೆಳಗೆ ಬೀಳಿಸಿ ಹುಡುಕುವುದು. ಎತ್ತರದ ಹುಡುಗನ ಹಿಂದೆ ಜಾಗ ಹಿಡಿಯುವುದು. ಪಕ್ಕದವನ ಕೊನೆಯ ಉತ್ತರ ನೋಡಿ ಬರೆಯುವುದು. ನಿನ್ನ ಹುಡುಗ ನೆಲ ನೋಡುತ್ತಾನೆ ಅಂದೆಯಲ್ಲ, ಆ ನೆಲ ನನಗೆ ಚೆನ್ನಾಗಿ ಗೊತ್ತು. ಒಂದು ಹತ್ತು ಸೆಕೆಂಡು ಅದನ್ನೇ ನೋಡುತ್ತಿದ್ದರೆ ಸಾಕು, ಪ್ರಶ್ನೆ ಬೇರೆಯವರಿಗೆ ಹೋಗುತ್ತದೆ.

ನಾಲ್ಕನೇ ತರಗತಿಗೆ ಹೊಸ ಟೀಚರ್ ಬಂದರು. ಅವರು ಜಾಸ್ತಿ ನಗುತ್ತಿರಲಿಲ್ಲ. ವೆರಿಗುಡ್ ಅನ್ನುವ ಮಾತು ಅವರ ಬಾಯಲ್ಲಿ ಬರುತ್ತಿದ್ದದ್ದೇ ಅಪರೂಪ. ಒಂದು ದಿನ 824ನ್ನು 8ರಿಂದ ಭಾಗಿಸುವ ಲೆಕ್ಕ ಕೊಟ್ಟರು. ಅವತ್ತು ನನ್ನ ಪಕ್ಕದವನು ಬಂದಿರಲಿಲ್ಲ, ನಾನೇ ಮಾಡಬೇಕಾಯಿತು. ಉತ್ತರ 13 ಅಂತ ಬರೆದೆ. ನೋಟ್‌ಬುಕ್ ವಾಪಸ್ ಬಂದಾಗ, ಕೆಂಪು ಇಂಟು ಇರುತ್ತದೆ ಅಂತ ಗೊತ್ತಿದ್ದರಿಂದ, ಪುಟವನ್ನು ಸ್ವಲ್ಪವೇ ತೆರೆದು ಸಂದಿಯಲ್ಲಿ ನೋಡಿದೆ.

ಇಂಟು ಇರಲಿಲ್ಲ. ನಾನು ಬರೆದ 1ರ ಪಕ್ಕ ಒಂದು ಸಣ್ಣ ರೈಟ್ ಗುರುತು ಇತ್ತು. 2ನ್ನು ಕೆಳಗೆ ಇಳಿಸಿದ್ದೆನಲ್ಲ, ಅದರ ಸುತ್ತ ಒಂದು ಸೊನ್ನೆಯಷ್ಟು ವೃತ್ತ. ಅಂಚಿನಲ್ಲಿ ಎರಡು ಸಾಲು: "ಇಲ್ಲಿವರೆಗೆ ಸರಿ. ಇಲ್ಲಿ ಒಂದು ಸಲ ನಿಂತು ನೋಡು."

ನಾನು ನಿಂತು ನೋಡಿದೆ. 8ರಲ್ಲಿ 8 ಒಂದು ಸಲ ಹೋಗುತ್ತದೆ, 1 ಬರೆದೆ. 2 ಇಳಿಸಿದೆ. 2ರಲ್ಲಿ 8 ಹೋಗಲ್ಲ. ಅಲ್ಲಿ ಸೊನ್ನೆ ಹಾಕದೆ ಸುಮ್ನೆ 4ನ್ನೂ ಇಳಿಸಿಕೊಂಡುಬಿಟ್ಟಿದ್ದೆ. 24ರಲ್ಲಿ 8 ಮೂರು ಸಲ. ಹಾಗಾಗಿ 13. ಅಷ್ಟರಲ್ಲಿ ಟೀಚರ್ ಬೆಂಚಿನ ಹತ್ತಿರ ಬಂದು, "13ನ್ನು 8ರಿಂದ ಗುಣಿಸಿದ್ರೆ ಎಷ್ಟು?" ಅಂತ ಕೇಳಿದರು. ಕೇಳಿ ಅಲ್ಲೇ ನಿಂತರು. ನಾನು ನೆಲ ನೋಡಿದೆ. ಅವರು ಹೋಗಲಿಲ್ಲ. ಬೇರೆಯವರನ್ನು ಕೇಳಲೂ ಇಲ್ಲ. ಮುಂದಿನ ಬೆಂಚಿನವನೊಬ್ಬ ಕೈ ಎತ್ತಿದರೆ ಅವನ ಕೈಯನ್ನು ಮೆಲ್ಲಗೆ ಕೆಳಗೆ ಇಳಿಸಿದರು. ಕೊನೆಗೆ ನಾನು "104" ಅಂದೆ. ಹೇಳುತ್ತಿದ್ದ ಹಾಗೇ ನನಗೇ ಹೊಳೆಯಿತು. 824 ಎಲ್ಲಿ, 104 ಎಲ್ಲಿ! ಸೊನ್ನೆ ಸೇರಿಸಿ 103 ಮಾಡಿದೆ. ಟೀಚರ್ ತಲೆ ಆಡಿಸಿ ಮುಂದಿನ ಬೆಂಚಿಗೆ ಹೋದರು.

ಅವತ್ತು ನನಗೆ ಯಾರೂ ಜಾಣ ಅನ್ನಲಿಲ್ಲ. ಆದರೆ ನನಗೆ 8ರ ಮಗ್ಗಿ ಬರುತ್ತದೆ, ಕಳೆಯುವುದು ಬರುತ್ತದೆ, ಭಾಗಿಸುವ ಕ್ರಮವೂ ಹೆಚ್ಚು ಕಡಿಮೆ ಬರುತ್ತದೆ, ಬಿಟ್ಟುಹೋಗಿದ್ದು ಒಂದೇ ಒಂದು ಸೊನ್ನೆ ಅಂತ ತಿಳಿಯಿತು. ಲೆಕ್ಕ ತಲೆಗೆ ಹತ್ತಲ್ಲ ಅನ್ನುವ ಮಾತಿಗೂ ಒಂದು ಸೊನ್ನೆ ಬಿಟ್ಟಿದ್ದೇನೆ ಅನ್ನುವ ಮಾತಿಗೂ ಎಷ್ಟು ಅಂತರ ನೋಡು. ಮೊದಲನೆಯದಕ್ಕೆ ನಾನು ಏನೂ ಮಾಡುವ ಹಾಗಿರಲಿಲ್ಲ. ಎರಡನೆಯದನ್ನು ಅರ್ಧ ನಿಮಿಷದಲ್ಲಿ ಸರಿ ಮಾಡಿದೆ.

ಟೀಚರ್ ಹಾಗೆ ನಿಂತು ಕಾದರಲ್ಲ, ಅದೆಷ್ಟು ದೊಡ್ಡ ವಿಷಯ ಅಂತ ತಿಳಿದದ್ದು ತುಂಬಾ ವರ್ಷಗಳ ಮೇಲೆ. ಅಮೆರಿಕದಲ್ಲಿ ಮೇರಿ ಬಡ್ ರೋ ಅಂತ ಒಬ್ಬರು ಇದ್ದರು, ವಿಜ್ಞಾನ ಕಲಿಸುವ ಬಗೆಯ ಮೇಲೆ ಕೆಲಸ ಮಾಡಿದವರು. ತರಗತಿಗಳಲ್ಲಿ ನಡೆಯುವ ಮಾತುಕತೆಯನ್ನು ಟೇಪ್ ಮಾಡಿಕೊಂಡು, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಾರೆ ಅಂತ ಅಳೆದರು. ಸರಾಸರಿ ಸುಮಾರು 1 ಸೆಕೆಂಡು! ಅಷ್ಟರೊಳಗೆ ಉತ್ತರ ಬರದಿದ್ದರೆ ಇನ್ನೊಬ್ಬರನ್ನು ಕೇಳುತ್ತಾರೆ, ಇಲ್ಲವೇ ತಾವೇ ಹೇಳಿಬಿಡುತ್ತಾರೆ. 3 ಸೆಕೆಂಡು ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಕಾಯಿರಿ ಅಂತ ಶಿಕ್ಷಕರಿಗೆ ಅಭ್ಯಾಸ ಮಾಡಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರವೇ ಇಲ್ಲದೆ ಸುಮ್ಮನಾಗುವುದು ಕಡಿಮೆಯಾಯಿತು, ದಡ್ಡರು ಅಂತ ಹೆಸರು ಪಡೆದಿದ್ದ ಮಕ್ಕಳೂ ಬಾಯಿ ಬಿಟ್ಟರು. 1970ರ ದಶಕದ ಮಾತಿದು. ಖರ್ಚಿಲ್ಲದ ಇಷ್ಟು ಸುಲಭದ ಕೆಲಸವನ್ನು ನಾವು ಇವತ್ತಿಗೂ ಸರಿಯಾಗಿ ಮಾಡುತ್ತಿಲ್ಲ ಅನ್ನುವುದು ನನಗೆ ಬೇಜಾರಿನ ಸಂಗತಿ.

ನೀನೇ ಮನಸ್ಸಿನಲ್ಲಿ ಎಣಿಸಿ ನೋಡು. ಒಂದು, ಎರಡು, ಮೂರು. ತರಗತಿಯ ಮುಂದೆ ನಿಂತಾಗ ಅದು ಎಷ್ಟು ಉದ್ದ ಅನ್ನಿಸುತ್ತೆ ಅಲ್ವಾ? ಆದರೆ ಹೆದರಿದ ಮಗುವಿಗೆ ಮೊದಲನೇ ಸೆಕೆಂಡು ಹೆದರಿಕೆಯಲ್ಲೇ ಹೋಗುತ್ತದೆ. ಯೋಚನೆ ಶುರುವಾಗುವುದೇ ಎರಡನೆಯದರಲ್ಲಿ. ಜಾಣ ಅಂತ ನಮಗೆ ಅನ್ನಿಸಿದ ಮಗುವಿಗೆ ನಾವು ತಾನಾಗಿಯೇ ಇನ್ನೊಂದು ಕ್ಷಣ ಕೊಡುತ್ತೇವೆ, "ಹೂಂ, ಹೇಳು ಹೇಳು" ಅನ್ನುತ್ತೇವೆ. ಇವನಿಗೆ ಬರಲ್ಲ ಅಂತ ಅಂದುಕೊಂಡ ಮಗುವನ್ನು ಬೇಗ ಕೂರಿಸುತ್ತೇವೆ. ಪಾಪ, ಎಲ್ಲರ ಮುಂದೆ ಅವಮಾನ ಆಗದಿರಲಿ ಅನ್ನುವ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತೇವೆ. ಮಗು ಅದನ್ನು ಬೇರೆ ಥರ ಓದಿಕೊಳ್ಳುತ್ತದೆ. ನನ್ನಿಂದ ಉತ್ತರ ಬರುತ್ತದೆ ಅಂತ ಇವರಿಗೇ ನಂಬಿಕೆ ಇಲ್ಲ, ಅಂತ.

ಈ ನಂಬಿಕೆಯ ಬಗ್ಗೆ ಇನ್ನೊಂದು ಹಳೆಯ ಪ್ರಯೋಗ ಇದೆ, ನೀನು ಟ್ರೇನಿಂಗ್‌ನಲ್ಲಿ ಓದಿರುತ್ತೀಯ. ರಾಬರ್ಟ್ ರೋಸೆಂತಾಲ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಲೆನೋರ್ ಜೇಕಬ್ಸನ್ ಅನ್ನುವ ಶಾಲೆಯೊಂದರ ಮುಖ್ಯ ಶಿಕ್ಷಕಿ ಸೇರಿ ಮಾಡಿದ್ದು, 1968ರಲ್ಲಿ ಪ್ರಕಟವಾದದ್ದು. ಮಕ್ಕಳಿಗೆಲ್ಲ ಒಂದು ಬುದ್ಧಿಮತ್ತೆ ಪರೀಕ್ಷೆ ಕೊಟ್ಟರು. ಆಮೇಲೆ ಐದರಲ್ಲಿ ಒಂದು ಪಾಲು ಮಕ್ಕಳ ಹೆಸರನ್ನು ಶಿಕ್ಷಕರಿಗೆ ಕೊಟ್ಟು, ಈ ವರ್ಷ ಇವರು ಚೆನ್ನಾಗಿ ಮೇಲೆ ಬರುವವರು ಅಂತ ಹೇಳಿದರು. ನಿಜ ಏನೆಂದರೆ ಆ ಹೆಸರುಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರು. ವರ್ಷದ ಕೊನೆಗೆ ನೋಡಿದರೆ ಒಂದನೇ ಮತ್ತು ಎರಡನೇ ತರಗತಿಯಲ್ಲಿ ಆ ಮಕ್ಕಳು ಉಳಿದವರಿಗಿಂತ ಜಾಸ್ತಿ ಮುಂದೆ ಬಂದಿದ್ದರು. ದೊಡ್ಡ ತರಗತಿಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆ ಲೆಕ್ಕಗಳನ್ನು ಆಮೇಲೆ ಬಹಳ ಜನ ಪ್ರಶ್ನಿಸಿದರು, ಪರಿಣಾಮ ಅಷ್ಟು ದೊಡ್ಡದಲ್ಲ ಅಂದರು. ಅದು ಸರಿಯೇ. ನಂಬಿಕೆಯೊಂದರಿಂದಲೇ ಪವಾಡ ಆಗುವುದಿಲ್ಲ. ಆದರೆ ನಂಬಿಕೆ ಇರುವ ಕಡೆ ಶಿಕ್ಷಕರು ಏನು ಮಾಡುತ್ತಾರೆ ಅಂತ ರೋಸೆಂತಾಲ್ ಆಮೇಲೆ ಬಿಡಿಸಿ ಹೇಳಿದ್ದು ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಆ ಮಗುವಿನ ಜೊತೆ ಮುಖ ಅರಳಿಸಿ ಮಾತಾಡುತ್ತಾರೆ, ಇನ್ನಷ್ಟು ಕಲಿಸಲು ನೋಡುತ್ತಾರೆ, ಉತ್ತರ ಹೇಳಲು ಹೆಚ್ಚು ಅವಕಾಶ ಕೊಡುತ್ತಾರೆ, ಎಲ್ಲಿ ಸರಿ ಎಲ್ಲಿ ತಪ್ಪು ಅಂತ ವಿವರವಾಗಿ ಹೇಳುತ್ತಾರೆ. ಇದರಲ್ಲಿ ಹೊಗಳಿಕೆಯ ಪಾಲು ಎಷ್ಟು ಚಿಕ್ಕದು ನೋಡು.

ಇನ್ನು ನಿನ್ನ ವೆರಿಗುಡ್ ವಿಷಯ. ಬೇಜಾರು ಮಾಡ್ಕೋಬೇಡ. ಮನಸ್ಸಿನಿಂದ ಬಂದ ಮೆಚ್ಚುಗೆ ಎಲ್ಲ ಮಕ್ಕಳಿಗೂ ಬೇಕು. ಆದರೆ ಎಲ್ಲರಿಗೂ, ಎಲ್ಲದಕ್ಕೂ ಒಂದೇ ಮಾತು ಸಿಕ್ಕಾಗ ಮಕ್ಕಳು ಅದನ್ನು ಕೇಳಿಸಿಕೊಳ್ಳುವುದನ್ನೇ ಬಿಡುತ್ತಾರೆ. ಅಳುಕಿನ ಮಗುವಿಗಂತೂ ಅತಿ ಹೊಗಳಿಕೆ ಭಾರವೇ ಆಗಬಹುದು. ನೆದರ್ಲೆಂಡ್ಸ್‌ನಲ್ಲಿ ಮಕ್ಕಳಿಂದ ವಾನ್ ಗೋ ಅವರ ಒಂದು ಹೂವಿನ ಚಿತ್ರವನ್ನು ನಕಲು ಮಾಡಿಸಿದರು. 2014ರಲ್ಲಿ ಪ್ರಕಟವಾದ ಅಧ್ಯಯನ ಅದು. ಕೆಲವರಿಗೆ "ಚೆನ್ನಾಗಿ ಬರೆದಿದ್ದೀಯ" ಅಂತ ಬರೆದು ಕೊಟ್ಟರು, ಕೆಲವರಿಗೆ "ಅದ್ಭುತವಾಗಿ ಬರೆದಿದ್ದೀಯ" ಅಂತ. ಮುಂದೆ ಸುಲಭದ ಚಿತ್ರ ಬೇಕೋ ಕಷ್ಟದ್ದೋ ಅಂತ ಕೇಳಿದಾಗ, ತಮ್ಮ ಮೇಲೆ ತಮಗೇ ನಂಬಿಕೆ ಕಡಿಮೆ ಇದ್ದ ಮಕ್ಕಳಲ್ಲಿ "ಅದ್ಭುತ" ಅನ್ನಿಸಿಕೊಂಡವರು ಹೆಚ್ಚಾಗಿ ಸುಲಭದ ಕಡೆ ಹೋದರು. ಅಷ್ಟು ಎತ್ತರಕ್ಕೆ ಕೂರಿಸಿದ ಮೇಲೆ ಬಿದ್ದರೆ ಗತಿ ಏನು ಅನ್ನುವ ಭಯ ಇರಬೇಕು. ನಾನು ಆ ಮಕ್ಕಳ ಜಾಗದಲ್ಲಿದ್ದರೂ ಹಾಗೇ ಮಾಡುತ್ತಿದ್ದೆ.

ಆಲ್ಬರ್ಟ್ ಬಂಡೂರ ಅನ್ನುವ ಮನಶ್ಶಾಸ್ತ್ರಜ್ಞ 1977ರಲ್ಲೇ ಈ ಮಾತು ಬರೆದಿದ್ದರು. ನನ್ನಿಂದ ಆಗುತ್ತದೆ ಅನ್ನುವ ಭಾವನೆಗೆ ಎಲ್ಲಕ್ಕಿಂತ ಗಟ್ಟಿಯಾದ ಆಧಾರ ತಾನೇ ಮಾಡಿ ಗೆದ್ದ ಅನುಭವ, ಬೇರೆಯವರ ಹುರಿದುಂಬಿಸುವ ಮಾತು ಆಮೇಲಿನದು. ನನ್ನ ಟೀಚರ್ ಇದನ್ನು ಓದಿದ್ದರೋ ಇಲ್ಲವೋ. ಆದರೆ ಅವರ ಎರಡು ಸಾಲು ನನ್ನ ಕಣ್ಣನ್ನು ನಾನೇ ಮಾಡಿದ್ದ ಕೆಲಸದ ಕಡೆಗೆ ತಿರುಗಿಸಿತು.

ಈಗ ಆ ಹುಡುಗನ ವಿಷಯ. ಮೊದಲು ಅವನಿಗೆ ಬೋರ್ಡ್ ಸರಿಯಾಗಿ ಕಾಣುತ್ತಾ, ನೀನು ಹೇಳುವುದು ಹಿಂದಿನ ಬೆಂಚಿಗೆ ಕೇಳಿಸುತ್ತಾ ಅಂತ ನೋಡು. ಎಷ್ಟೋ ಮಕ್ಕಳ ಮೌನಕ್ಕೆ ಅದೇ ಕಾರಣ ಇರುತ್ತದೆ, ಅವರು ಹೇಳಿಕೊಳ್ಳುವುದಿಲ್ಲ. ಅದು ಸರಿ ಇದ್ದರೆ, ಎಲ್ಲರ ಮುಂದೆ ನಿಲ್ಲಿಸಿ ಕೇಳುವುದನ್ನು ಸ್ವಲ್ಪ ದಿನ ಬಿಡು. ಅವನ ಬೆಂಚಿನ ಹತ್ತಿರ ಹೋಗಿ, ಅವನಿಗೆ ಅರ್ಧವಾದರೂ ಬರುವ ಪ್ರಶ್ನೆ ಕೇಳು. ಕೇಳಿ ನಿಂತುಕೋ. ಅವನು ನೆಲ ನೋಡಲಿ. ನೀನು ಮಾತ್ರ ಹೊರಡಬೇಡ. ಪಕ್ಕದವನು ಉತ್ತರ ಪಿಸುಗುಟ್ಟಿದರೆ ತಡೆ, ಆ ಉತ್ತರ ಅವನಿಂದಲೇ ಬರಲಿ. ಅವತ್ತು ಬರದಿದ್ದರೆ "ನಾಳೆ ಮತ್ತೆ ಕೇಳ್ತೀನಿ" ಅನ್ನು, ನಾಳೆ ಮರೆಯದೆ ಕೇಳು. ನೀನು ಮರೆತರೆ ಅವನಿಗೆ ಗೊತ್ತಾಗುತ್ತದೆ. ಮಕ್ಕಳು ಇಂಥದ್ದನ್ನೆಲ್ಲ ಲೆಕ್ಕ ಇಟ್ಟಿರುತ್ತಾರೆ. ಸ್ಟಾಫ್ ರೂಮಿನಲ್ಲೂ, ಬಾಗಿಲ ಹತ್ತಿರವೂ ಅವನ ಬಗ್ಗೆ ಏನು ಆಡುತ್ತೀಯ ಅನ್ನುವ ಕಡೆ ಗಮನ ಇರಲಿ. ಇದನ್ನು ನಾನು ಕೈ ಮುಗಿದು ಕೇಳುತ್ತಿದ್ದೇನೆ.

ಒಂದೇ ವಾರದಲ್ಲಿ ಬದಲಾಗುತ್ತಾನೆ ಅಂತ ಕಾಯಬೇಡ. ನಾನಾಗಿ ಕೈ ಎತ್ತಿದ್ದು ಆ 103 ಆದ ಎಷ್ಟೋ ತಿಂಗಳ ಮೇಲೆ. ಎತ್ತಿದ ಮೊದಲನೇ ಸಲ ಉತ್ತರ ತಪ್ಪಾಗಿತ್ತು. ಟೀಚರ್ ಬೋರ್ಡಿನಲ್ಲಿ ನನ್ನ ಉತ್ತರವನ್ನೇ ಬರೆದು, ಯಾವ ಸಾಲಿನವರೆಗೆ ಸರಿ ಇದೆ ಅಂತ ಇಡೀ ತರಗತಿಯ ಕೈಯಲ್ಲಿ ಹುಡುಕಿಸಿದರು. ಅವತ್ತು ನಾನು ನೆಲ ನೋಡಲಿಲ್ಲ, ಬೋರ್ಡ್ ನೋಡುತ್ತಿದ್ದೆ.

ಸೋಮವಾರ ಆ ಹುಡುಗನ ನೋಟ್‌ಬುಕ್ ಮನೆಗೆ ತಂದುಕೋ. ಒಂದು ತಪ್ಪು ಲೆಕ್ಕ ಆರಿಸು. ಕೆಂಪು ಪೆನ್ನು ಹಿಡಿಯುವ ಮೊದಲು ಅವನು ಎಲ್ಲಿವರೆಗೆ ಸರಿಯಾಗಿ ಬಂದಿದ್ದಾನೆ ಅಂತ ಬೆರಳಿಟ್ಟು ನೋಡು. ಅದನ್ನು ನನಗೂ ಬರೆದು ತಿಳಿಸು, ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ