ಸೀಲು ಹಿಡಿದು ಕ್ಲಾಸಿಗೆ ಬಂದ ಸರ್‌ಗೆ

ಅಮೆರಿಕದ ವಸಾಹತುಗಳು ಬ್ರಿಟನ್ನಿನಿಂದ ಯಾಕೆ ಬೇರೆಯಾದವು ಅಂತ ಏಳನೇ ಕ್ಲಾಸಿಗೆ ಹೇಳುತ್ತಿದ್ದೆ. 1765ರ ಸ್ಟ್ಯಾಂಪ್ ಕಾಯ್ದೆ, ಅಂದರೆ ಅಲ್ಲಿನ ಪತ್ರಿಕೆ, ದಾಖಲೆಗಳ ಮೇಲೆ ತೆರಿಗೆ ಕಟ್ಟಿದ ಮುದ್ರೆ ಇರಲೇಬೇಕು ಅನ್ನೋ ಬ್ರಿಟನ್ನಿನ ಕಾನೂನಿನ ಮಾತು ಬಂದಾಗ ಅರ್ಧ ಕ್ಲಾಸು ಆಕಳಿಸುತ್ತಿತ್ತು. ಹಾಜರಿ ಪುಸ್ತಕಕ್ಕೆ ಬಂದ ಆಫೀಸಿನ ಸರ್, ನೀವು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿರಿ, ಸುಮ್ನೆ ಹೋಗಿ ಸೀಲು, ಇಂಕ್ ಪ್ಯಾಡ್ ತಂದಿರಿ. ‘ಸೀಲಿಲ್ಲದ ಹಾಳೆಯಲ್ಲಿ ಬರೆಯೋ ಹಾಗಿಲ್ಲ, ಸೀಲಿಗೊಂದು ಪೆನ್ಸಿಲ್ ಕೊಡಿ’ ಅಂತ ಒಂಚೂರೂ ನಗದೆ ಬೆಂಚಿನಿಂದ ಬೆಂಚಿಗೆ ಹೊರಟಿರಿ. ಹಿಂದಿನಿಂದ ಒಬ್ಬಳು ಕೂಗಿದಳು: ‘ನಮ್ಮನ್ನ ಕೇಳದೆ ಯಾರು ಸರ್ ಈ ರೂಲ್ಸ್ ಮಾಡಿದ್ದು?’

ಅಬ್ಬಾ, ನನಗೆ ಬೇಕಿದ್ದದ್ದು ಅದೇ! ಪತ್ರಿಕೆಗೂ ಇಸ್ಪೀಟ್ ಎಲೆಗೂ ತೆರಿಗೆ ಹಾಕಿದ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ವಸಾಹತುಗಳು ಆರಿಸಿದವರು ಒಬ್ಬರೂ ಇರಲಿಲ್ಲ ಅಂದಾಗ ಯಾರೂ ಆಕಳಿಸಲಿಲ್ಲ. ನೀವು ಅಷ್ಟರಲ್ಲಿ ಯಾರ ಪೆನ್ಸಿಲ್ ಯಾವುದು ಅಂತ ಕೇಳಿ ಕೇಳಿ ವಾಪಸ್ ಕೊಡುತ್ತಿದ್ದಿರಿ. ಥ್ಯಾಂಕ್ಸ್ ಸರ್.