ಎದೆನೋವನ್ನು ಗ್ಯಾಸ್ ಅಂದುಕೊಂಡು ಮನೆಯಲ್ಲಿ ಕೂರುವವರ ಬಗ್ಗೆ: ಹಾಸನ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ನಾನು ಅರಕಲಗೂಡಿನಲ್ಲಿ ಮೆಡಿಕಲ್ ಶಾಪ್ ನಡೆಸುವವನು. ಫಾರ್ಮಸಿ ಓದಿದ್ದೇನೆ, ಡಾಕ್ಟರ್ ಅಲ್ಲ. ಆದರೆ ಇಲ್ಲಿ ಯಾರಿಗೇ ಹುಷಾರು ತಪ್ಪಿದರೂ ಡಾಕ್ಟರ ಹತ್ತಿರ ಹೋಗುವ ಮೊದಲು ನಮ್ಮಂಥ ಅಂಗಡಿಗೆ ಬರುತ್ತಾರೆ. ಹಾಗಾಗಿ ಆಸ್ಪತ್ರೆಯ ರಿಜಿಸ್ಟರಿಗೆ ಸೇರದೇ ಇರುವ ಎಷ್ಟೋ ಸಂಗತಿ ನಮ್ಮ ಕೌಂಟರಿನಲ್ಲಿ ಕಣ್ಣಿಗೆ ಬೀಳುತ್ತವೆ. ಅದನ್ನು ನಿಮ್ಮ ಮುಂದೆ ಇಡಬೇಕು ಅನ್ನಿಸಿ ಬರೆಯುತ್ತಿದ್ದೇನೆ.

2025ರ ಜೂನ್ ತಿಂಗಳು ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು ಅಂತ ಟಿವಿಯಲ್ಲಿ ದಿನವಿಡೀ ಸುದ್ದಿ. ಜನ ಗಾಬರಿಬಿದ್ದು ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತರು. ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು. ಹಾಸನದಲ್ಲಿ ಹೃದಯಾಘಾತ ದಿಢೀರನೆ ಏರಿಲ್ಲ, ಕೊರೊನಾ ಲಸಿಕೆಯಿಂದ ಆದದ್ದೂ ಅಲ್ಲ ಅಂತ ಅದು ಹೇಳಿತು. ಬಿಪಿ, ಸಕ್ಕರೆ ಕಾಯಿಲೆ, ಸಿಗರೇಟು, ಇವೇ ಹಳೆಯ ಕಾರಣಗಳು. ಅಲ್ಲಿಗೆ ಸುದ್ದಿ ತಣ್ಣಗಾಯಿತು.

ಆದರೆ ಸಾಯುವ ಭಯ ತಣ್ಣಗಾಗಲಿಲ್ಲ. ಜಯದೇವಕ್ಕೆ ಹೋಗಿ ಬರುವಷ್ಟು ಅನುಕೂಲ ಇಲ್ಲದವರು ಮೊಬೈಲ್ ನೋಡಿದರು. ಬೆಳ್ಳುಳ್ಳಿ, ಶುಂಠಿ, ನಿಂಬೆಹಣ್ಣಿನ ರಸ, ಆ್ಯಪಲ್ ವಿನೆಗರ್, ಜೇನುತುಪ್ಪ ಹಾಕಿ ಕುದಿಸಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿದರೆ ಹಾರ್ಟಿನ ಬ್ಲಾಕ್ ಕರಗುತ್ತದೆ ಅನ್ನೋ ಸಂದೇಶ ಮನೆಮನೆಗೂ ಬಂತು. ಶುಂಠಿ ಬೆಳೆಯುವ ತಾಲ್ಲೂಕು ನಮ್ಮದು, ಬೇಗ ನಂಬಿದರು. ಇನ್ನು ಕೆಲವರು ಕಾವೇರಿ ದಡದ ತೊರೆಮತ್ತಿ (ಅರ್ಜುನ) ಮರದ ಚಕ್ಕೆ ಕೆತ್ತಿ ತಂದು ಕಷಾಯ ಕಾಸಿದರು. ಎದೆನೋವು ಬಂದಾಗ ಜೋರಾಗಿ ಕೆಮ್ಮಿದರೆ ಬದುಕಬಹುದು ಅನ್ನೋ ವಿಡಿಯೋ ಈಗಲೂ ಓಡಾಡುತ್ತಿದೆ.

ಕಷಾಯ ಕುಡಿಯುವುದನ್ನು ನಾನು ಬೇಡ ಅನ್ನುವುದಿಲ್ಲ. ನೆಗಡಿಗೆ ನಮ್ಮ ಮನೆಯಲ್ಲೂ ಶುಂಠಿ ಕಷಾಯವೇ. ಓದಿ, ನೋಂದಣಿ ಮಾಡಿಸಿಕೊಂಡ ಆಯುರ್ವೇದ ವೈದ್ಯರ ಮೇಲೂ ನನಗೆ ತಕರಾರಿಲ್ಲ. ಎದೆನೋವು ಅಂದರೆ ಅವರೇ ಮೊದಲು ಇಸಿಜಿ ಮಾಡಿಸಿ ಅಂತ ಕಳಿಸುತ್ತಾರೆ. ನನ್ನ ಚಿಂತೆ ಇರುವುದು ಕಷಾಯದ ಧೈರ್ಯದಲ್ಲಿ ಮಾತ್ರೆ ಬಿಡುವವರ ಬಗ್ಗೆ, ಮತ್ತು ನೋವು ಬಂದಾಗ "ಗ್ಯಾಸ್" ಅಂತ ಮನೆಯಲ್ಲೇ ಕೂರುವವರ ಬಗ್ಗೆ.

ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ದಿನ ಬೆಳಿಗ್ಗೆ ಅಂಗಡಿ ತೆಗೆದು ಕಸ ಗುಡಿಸುವಾಗಲೇ ಒಬ್ಬರು ಬೈಕಿನಲ್ಲಿ ಬಂದರು. ಹೊಗೆಸೊಪ್ಪು ಬೆಳೆಯುವ ರೈತರು, ಐವತ್ತರ ಆಸುಪಾಸು. "ಒಂದು ಗ್ಯಾಸ್ ಮಾತ್ರೆ ಕೊಡಪ್ಪಾ, ರಾತ್ರಿ ಕಡಲೆಕಾಯಿ ತಿಂದಿದ್ದು ಕಟ್ಟಿಕೊಂಡಿದೆ" ಅಂದರು. ರಾತ್ರಿ ಎರಡು ಗಂಟೆಯಿಂದ ಹಾಗೇ ಇದೆಯಂತೆ. ಓಮದ ನೀರು ಆಗಿತ್ತು, ಈನೋ ಆಗಿತ್ತು, ಉಪ್ಪು ನಿಂಬೆಹಣ್ಣು ಹಾಕಿದ ಸೋಡಾನೂ ಆಗಿತ್ತು. ತೇಗು ಬಂದಾಗ ಸ್ವಲ್ಪ ಹಗುರ ಅನ್ನಿಸಿತಂತೆ, ಅದಕ್ಕೇ ಗ್ಯಾಸೇ ಅಂತ ಗಟ್ಟಿಮಾಡಿಕೊಂಡಿದ್ದರು. ಮಾತಾಡುವಾಗ ಅಂಗೈಯನ್ನು ಎದೆ ಮಧ್ಯೆ ಒತ್ತಿ ಉಜ್ಜುತ್ತಿದ್ದರು. ಆ ಚಳಿಯಲ್ಲೂ ಹಣೆ ಮೇಲೆ ಬೆವರು. ಅಂಗಿಯ ಕಾಲರ್ ಒದ್ದೆ. ನಾನು ಮಾತ್ರೆ ಕೊಡಲಿಲ್ಲ. "ಅಣ್ಣಾ, ಬೈಕ್ ಇಲ್ಲೇ ಇರಲಿ" ಅಂತ ಕೀ ಇಸಿದುಕೊಂಡು ಆಟೊ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇಸಿಜಿ ತೆಗೆದ ಕೂಡಲೇ ಗೊತ್ತಾಯಿತು, ಹಾರ್ಟ್ ಅಟ್ಯಾಕ್. ಅವರು ಬದುಕಿದರು. ಆದರೆ ಈಗ ಮೊದಲಿನಂತೆ ಗೇಯಲು ಆಗುತ್ತಿಲ್ಲ. ಹತ್ತು ಹೆಜ್ಜೆ ಏರು ಹತ್ತಿದರೆ ಏದುಸಿರು. ರಾತ್ರಿ ಎರಡು ಗಂಟೆಯಿಂದ ಬೆಳಗಿನವರೆಗೆ ಸತ್ತ ಹೃದಯದ ಸ್ನಾಯು ಮತ್ತೆ ಬೆಳೆಯುವುದಿಲ್ಲ.

ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದರಾಚೆಯ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಮೊದಲ ಒಂದೆರಡು ಗಂಟೆಯಲ್ಲಿ ಕೊಟ್ಟರೆ ಅದರಿಂದ ಆಗುವ ಉಪಕಾರ ತುಂಬಾ ದೊಡ್ಡದು, ಹೊತ್ತು ಹೋದಷ್ಟೂ ಕಡಿಮೆ. ಹೃದಯದ ಕೆಳಭಾಗಕ್ಕೆ ಪೆಟ್ಟು ಬಿದ್ದರೆ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಬಹುದು. ವಾಕರಿಕೆ, ವಾಂತಿ, ಎಲ್ಲ ಗ್ಯಾಸಿನ ಥರವೇ. ಸಕ್ಕರೆ ಕಾಯಿಲೆ ಇದ್ದವರಿಗೂ ಹೆಂಗಸರಿಗೂ ಎಷ್ಟೋ ಸಲ ಎದೆನೋವೇ ಇರುವುದಿಲ್ಲ. ಸುಸ್ತು, ಉಬ್ಬಸ, ದವಡೆ ಸೆಳೆತ, ಬೆನ್ನು ನೋವು, ಅಷ್ಟೇ. ನಮ್ಮ ಕಡೆಯ ಹೆಣ್ಣುಮಕ್ಕಳು ಅದನ್ನು ಯಾರಿಗೂ ಹೇಳದೆ ಒಲೆ ಮುಂದೆ ಕೆಲಸ ಮುಗಿಸಿ ಮಲಗುತ್ತಾರೆ. ಇದು ಗ್ಯಾಸೋ ಹಾರ್ಟೋ ಅಂತ ಮುಖ ನೋಡಿ ಹೇಳಲು ಯಾರಿಂದಲೂ ಆಗದು, ನನ್ನಿಂದಲೂ ಆಗದು. ಇಸಿಜಿ ಬೇಕು. ಮೊದಲನೆಯದು ಸರಿ ಇದ್ದರೂ ಕೆಲವೊಮ್ಮೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕಾಗುತ್ತದೆ.

ಇನ್ನು ಮಾತ್ರೆ ಬಿಡುವವರು. ಸ್ಟೆಂಟ್, ಅಂದರೆ ಹೃದಯದ ರಕ್ತನಾಳ ಮುಚ್ಚದಂತೆ ಒಳಗಿಡುವ ಪುಟ್ಟ ಜಾಲರಿ ಕೊಳವೆ, ಹಾಕಿಸಿಕೊಂಡ ಒಬ್ಬರು ತಿಂಗಳು ತಿಂಗಳು ರಕ್ತ ಹೆಪ್ಪುಗಟ್ಟದಂತೆ ಇರುವ ಮಾತ್ರೆ ತೆಗೆದುಕೊಂಡು ಹೋಗುತ್ತಿದ್ದವರು ನಿಲ್ಲಿಸಿಬಿಟ್ಟರು. ದಾರಿಯಲ್ಲಿ ಸಿಕ್ಕಾಗ ಕೇಳಿದೆ. ಬೆಳ್ಳುಳ್ಳಿ ಕಷಾಯ ಶುರುಮಾಡಿದ್ದೇನೆ, ಇಂಗ್ಲಿಷ್ ಮಾತ್ರೆ ಜಾಸ್ತಿ ತಿಂದರೆ ಕಿಡ್ನಿ ಹೋಗುತ್ತದಂತೆ ಅಂದರು. ಡಾಕ್ಟರನ್ನು ಕೇಳದೆ ಆ ಮಾತ್ರೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಕಿಡ್ನಿಯನ್ನು ನಿಜವಾಗಿ ಹಾಳುಮಾಡುವುದು ಹತೋಟಿ ತಪ್ಪಿದ ಬಿಪಿ ಮತ್ತು ಸಕ್ಕರೆ. "ಬಿಪಿ ನಾರ್ಮಲ್ ಬಂತು, ಮಾತ್ರೆ ಬಿಟ್ಟೆ" ಅನ್ನುವವರಂತೂ ಲೆಕ್ಕವಿಲ್ಲ. ನಾರ್ಮಲ್ ಬಂದಿದ್ದೇ ಮಾತ್ರೆಯಿಂದ, ಅಲ್ವಾ? ಕೆಮ್ಮಿಗೆ ಅಂತ ಜ್ಯೇಷ್ಠಮಧು ದಿನವೂ ಜಗಿದರೆ ಬಿಪಿ ಏರುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮಂಡಿನೋವಿಗೆ ಅಂತ ಪೊಟ್ಟಣದಲ್ಲಿ ಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದೂ ಉಂಟು. ನೋವು ಎರಡೇ ದಿನಕ್ಕೆ ಮಾಯವಾಗುತ್ತದೆ, ಒಳಗೊಳಗೇ ಸಕ್ಕರೆ, ಬಿಪಿ ಏರುತ್ತವೆ.

ಜನರನ್ನು ದಡ್ಡರು ಅಂತ ಬೈಯಬೇಡಿ, ಅಧಿಕಾರಿಗಳು ಬೈಯುವುದನ್ನೂ ಕೇಳಿದ್ದೇನೆ, ಬೇಸರವಾಗುತ್ತದೆ. ಅರಕಲಗೂಡಿನಿಂದ ಹಾಸನಕ್ಕೆ ಸುಮಾರು 30 ಕಿಲೋಮೀಟರ್. ಕೊಣನೂರು, ರಾಮನಾಥಪುರದ ಕಡೆಯವರಿಗೆ ಇನ್ನೂ ದೂರ. ಅಪರಾತ್ರಿಯಲ್ಲಿ ಗಾಡಿ ಮಾಡಿಕೊಂಡು ಹೋಗಿ "ಏನಿಲ್ಲ, ಗ್ಯಾಸು" ಅನ್ನಿಸಿಕೊಂಡು ಬಂದರೆ ಊರವರ ಮುಂದೆ ನಾಚಿಕೆ. ಹಾರ್ಟ್ ಅಂದರೆ ಲಕ್ಷಗಟ್ಟಲೆ ಖರ್ಚು ಅನ್ನೋ ಹೆದರಿಕೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಅದನ್ನು ದೊಡ್ಡಾಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ, ಹತ್ತಾರು ಸಾವಿರ ರೂಪಾಯಿಯ ಇಂಜೆಕ್ಷನ್ ಪುಕ್ಕಟೆಯಾಗಿ ಕೊಡಿಸುತ್ತಾರೆ. ನನ್ನ ಅಂಗಡಿಗೆ ಬರುವವರಲ್ಲಿ ಇದನ್ನು ತಿಳಿದವರು ತೀರಾ ಕಮ್ಮಿ. ಅಪ್ಪು ಹೆಸರು ಎಲ್ಲರಿಗೂ ಗೊತ್ತು, ಯೋಜನೆ ಗೊತ್ತಿಲ್ಲ.

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಪಂಚಾಯಿತಿ ಕಸದ ಗಾಡಿ ದಿನವೂ ಹಾಡು ಹಾಕಿಕೊಂಡು ಬೀದಿ ಬೀದಿ ಸುತ್ತುತ್ತದೆ. ಆ ಸ್ಪೀಕರಿನಲ್ಲಿ ಅರ್ಧ ನಿಮಿಷ ಈ ಮಾತು ಹಾಕಿಸಿ. ಎದೆ ಹಿಂಡಿದಂತಾಗಿ ಬೆವರು ಬಂದರೆ ಸೋಡಾ ಕುಡಿದು ಕಾಯಬೇಡಿ, 108ಕ್ಕೆ ಫೋನ್ ಮಾಡಿ, ಇಸಿಜಿ ಮಾಡಿಸಿ, ಗ್ಯಾಸ್ ಅಂತ ಗೊತ್ತಾದರೆ ಸಂತೋಷವಾಗಿ ಮನೆಗೆ ಹೋಗಿ. ನಮ್ಮ ಊರಿನ ಮಾತಿನಲ್ಲೇ ಹೇಳಿಸಿ. ಯಾವ ಊರಿನ ಆಸ್ಪತ್ರೆಯಲ್ಲಿ ರಾತ್ರಿಯೂ ಇಸಿಜಿ ತೆಗೆಯುತ್ತಾರೆ, ಎಲ್ಲಿ ಆ ಇಂಜೆಕ್ಷನ್ ಇದೆ ಅನ್ನುವ ಪಟ್ಟಿಯನ್ನು ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಮೆಡಿಕಲ್ ಶಾಪುಗಳ ಗೋಡೆಗೆ ಹಚ್ಚಿಸಿ. ನನ್ನ ಅಂಗಡಿಯ ಶಟರ್ ಮೇಲೆ ನಾನೇ ಬರೆಸುತ್ತೇನೆ, ಪಟ್ಟಿ ಕೊಡಿ ಸಾಕು. ಪಟ್ಟಿಯಲ್ಲಿ ಖಾಲಿ ಬಿದ್ದ ಜಾಗ ಕಂಡರೆ ಅದನ್ನು ತುಂಬಿಸುವ ಕೆಲಸವೂ ನಿಮ್ಮಿಂದ ಆಗಲಿ.

ಕಾನೂನಿನ ಮಾತು. ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್ ವಾಸಿಮಾಡುತ್ತೇವೆ ಅಂತ ಜಾಹೀರಾತು ಕೊಡುವುದೇ ತಪ್ಪು ಅಂತ 1954ರ ಕೇಂದ್ರ ಕಾಯ್ದೆ ಹೇಳುತ್ತದೆ. ಆದರೂ ಬಸ್ ಸ್ಟ್ಯಾಂಡಿನ ಕಂಬದಲ್ಲಿ "ಆಪರೇಷನ್ ಇಲ್ಲದೆ ಬ್ಲಾಕ್ ಮಾಯ" ಅನ್ನೋ ಚೀಟಿ ಅಂಟಿಸಿರುತ್ತಾರೆ, ಫೋನ್ ನಂಬರ್ ಸಮೇತ. ನೋಂದಣಿ ಇಲ್ಲದೆ ಕ್ಲಿನಿಕ್ ನಡೆಸುವವರ ಮೇಲೆ ಕ್ರಮ ಕೈಗೊಳ್ಳುವ ಜಿಲ್ಲಾ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು. ನಮ್ಮ ಮೆಡಿಕಲ್ ಶಾಪುಗಳನ್ನೂ ಬಿಡಬೇಡಿ. ಡಾಕ್ಟರ ಚೀಟಿ ಇಲ್ಲದೆ ವಾರಗಟ್ಟಲೆಗೆ ಗ್ಯಾಸ್ ಮಾತ್ರೆ, ನೋವಿನ ಮಾತ್ರೆ ಕಟ್ಟಿಕೊಡುವುದು ನಿಲ್ಲಬೇಕು. ತಪಾಸಣೆಗೆ ಬಂದರೆ ನಾನು ಬೇಡ ಅನ್ನುವುದಿಲ್ಲ.

ಕೊನೆಯದಾಗಿ ರಾಮನಾಥಪುರದ ಸುಬ್ರಹ್ಮಣ್ಯಸ್ವಾಮಿ ಷಷ್ಠಿ ಜಾತ್ರೆ. ಸುತ್ತಲ ಹಳ್ಳಿಯವರೆಲ್ಲ ಅಲ್ಲಿ ಸೇರುತ್ತಾರೆ, ಬೇರು, ಪುಡಿ, ಎಣ್ಣೆ ಮಾರುವವರೂ ಚಾಪೆ ಹಾಸಿ ಕೂರುತ್ತಾರೆ. ಈ ಸಲ ತೇರು ಎಳೆಯುವ ಬೀದಿಯಲ್ಲೇ ಆರೋಗ್ಯ ಇಲಾಖೆಯ ಒಂದು ಟೆಂಟ್ ಹಾಕಿಸಿ. ಬಿಪಿ, ಸಕ್ಕರೆ ನೋಡಲಿ, ಇಸಿಜಿ ತೆಗೆಯಲಿ. ನಲವತ್ತು ದಾಟಿದವರನ್ನು ಕೈಹಿಡಿದು ಕರೆದು ಕೂರಿಸುವುದಕ್ಕೆ ನಾವು ತಾಲ್ಲೂಕಿನ ಮೆಡಿಕಲ್ ಶಾಪಿನವರು ಬರುತ್ತೇವೆ. ಅನುಮತಿಗೆ ಯಾರ ಹತ್ತಿರ ಅರ್ಜಿ ಕೊಡಬೇಕು ಅಂತ ತಿಳಿಸಿದರೆ ನಾಳೆಯೇ ಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಅರಕಲಗೂಡಿನ ಒಬ್ಬ ಮೆಡಿಕಲ್ ಶಾಪ್ ಮಾಲೀಕ