ಬೇಸಿಗೆ ಕೋರ್ಸ್‌ಗೆ ಸೇರುವ ಮುನ್ನ ಗಂಟೆಗಳ ಲೆಕ್ಕ ಹಾಕಿ

ಮಾನ್ಯರೇ,

ವಿಶ್ವವಿದ್ಯಾಲಯಗಳ ಆರೋಗ್ಯ ಅಧ್ಯಯನ ವಿಭಾಗಗಳ ಬೇಸಿಗೆ ಕೋರ್ಸ್‌ಗಳಿಗೆ ‘ಆರೇ ವಾರ ತಾನೇ’ ಎಂದು ಸೇರುವವರುಂಟು. ಅವಧಿ ಕುಗ್ಗಿದರೂ ಪಠ್ಯ ಕುಗ್ಗುವುದಿಲ್ಲ. 15 ವಾರಗಳ 45 ಗಂಟೆ ಪಾಠವನ್ನು 6 ವಾರಕ್ಕೆ ಇಳಿಸಿದರೆ ವಾರಕ್ಕೆ ಏಳೂವರೆ ಗಂಟೆ ತರಗತಿ. ತರಗತಿಯ ಪ್ರತಿ ಗಂಟೆಗೆ ಎರಡು ಗಂಟೆ ಓದು ಸೇರಿಸಿದರೆ ಇಪ್ಪತ್ತೆರಡೂವರೆ. ಒಂದು ವಾರ ಜ್ವರ ಬಂದು ಮಲಗಿದರೆ ಆರರಲ್ಲಿ ಒಂದು ಪಾಲು ಹೋದಂತೆಯೇ.

ಹೆಚ್ಚು ಪೆಟ್ಟು ಬೀಳುವುದು ಎಪಿಡೆಮಿಯಾಲಜಿಗೆ, ಅಂದರೆ ರೋಗಗಳು ಜನರಲ್ಲಿ ಎಷ್ಟು, ಏಕೆ ಕಾಣಿಸಿಕೊಳ್ಳುತ್ತವೆ ಎಂದು ತಿಳಿಯುವ ಶಾಸ್ತ್ರಕ್ಕೆ. ರೋಗಿಗಳನ್ನೂ ರೋಗವಿಲ್ಲದವರನ್ನೂ ಆಯ್ದು ಹೋಲಿಸುವ ಕೇಸ್–ಕಂಟ್ರೋಲ್ ಅಧ್ಯಯನದಲ್ಲಿ ಸಾಮಾನ್ಯವಾಗಿ ರಿಲೇಟಿವ್ ರಿಸ್ಕ್ (ಧೂಮಪಾನದಂಥ ಕಾರಣ ಇರುವವರಿಗೆ ರೋಗ ಬರುವ ಸಂಭವ, ಅದು ಇಲ್ಲದವರಿಗಿಂತ ಎಷ್ಟು ಪಟ್ಟು ಎಂಬುದು) ನೇರವಾಗಿ ಸಿಗದು, ಸಿಗುವುದು ಆಡ್ಸ್ ರೇಷಿಯೊ (ಕಾರಣ ಇರುವವರಿಗೂ ಇಲ್ಲದವರಿಗೂ ಇರುವ ಅನುಪಾತ, ರೋಗಿಗಳಲ್ಲಿ ರೋಗವಿಲ್ಲದವರಿಗಿಂತ ಎಷ್ಟು ಪಟ್ಟು ಎಂಬುದು). ಏಕೆಂದರೆ ಅಲ್ಲಿ ರೋಗಿಗಳ ಪ್ರಮಾಣವನ್ನು ನಿಗದಿ ಮಾಡಿದವರು ಅಧ್ಯಯನಕಾರರೇ. ಇದು ಮನಸ್ಸಿಗೆ ಇಳಿಯಬೇಕಾದರೆ ನಾಲ್ಕು ಮನೆಯ ಕೋಷ್ಟಕ (ರೋಗ ಇದೆ–ಇಲ್ಲ, ಕಾರಣ ಇದೆ–ಇಲ್ಲ) ಬರೆದು, ಕೈಯಾರೆ ಲೆಕ್ಕ ಮಾಡಿ, ತಪ್ಪಿ, ಮರುದಿನ ಮತ್ತೆ ಮಾಡಬೇಕು. ದಿನಕ್ಕೊಂದು ಅಧ್ಯಾಯ ಓಡಿಸಿದರೆ ಸೂತ್ರ ಬಾಯಿಪಾಠವಾಗುತ್ತದೆ, ಅಷ್ಟೆ.

ಬೇಸಿಗೆಗೆ ಇಂಥದ್ದು ಒಂದೇ ಸಾಕು, ಅದೂ ಸಂಖ್ಯಾಶಾಸ್ತ್ರ ಮುಗಿಸಿದ ಮೇಲೆ. ಶುಲ್ಕ ವಾಪಸ್ ಪಡೆದು ಕೋರ್ಸ್ ಬಿಡುವ ಗಡುವು ಸಾಮಾನ್ಯವಾಗಿ ಬೇಗ ಮುಗಿಯುತ್ತದೆ, ಮೊದಲೇ ನೋಡಿಕೊಳ್ಳಿ. ವಿಭಾಗಗಳೂ ದಿನವಾರು ಪಾಠಪಟ್ಟಿಯನ್ನು ನೋಂದಣಿಗೆ ಮುನ್ನವೇ ಪ್ರಕಟಿಸಲಿ.

– ಆರೋಗ್ಯ ಅಧ್ಯಯನದ ಅಧ್ಯಾಪಕರು